ನೋವು ಮಂಡಿಯಲ್ಲಿದೆ ಅಂದಮಾತ್ರಕ್ಕೆ ಕಾರಣವೂ ಮಂಡಿಯಲ್ಲೇ ಇರಬೇಕಿಲ್ಲ

ಎಕ್ಸ್‌ರೇಯಲ್ಲಿ ಮಂಡಿ ಸವೆದಿದೆ, ನೋವು ಪಾದದವರೆಗೂ ಇಳಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ, ಯಾವ ಬೆಲ್ಟ್ ಹಾಕಿಕೊಳ್ಳಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವ ಬೆಲ್ಟೂ ಬೇಡ. ನಿಮ್ಮದು ಮಂಡಿ ನೋವು ಹೌದೋ ಅಲ್ಲವೋ ಅನ್ನೋದೇ ಇನ್ನೂ ಗೊತ್ತಾಗಿಲ್ಲ.

ನನಗೂ ಹೀಗೇ ಶುರುವಾಗಿತ್ತು. ಮಂಡಿಯ ಹೊರಬದಿಯಲ್ಲಿ ನೋವು, ಕೂತಷ್ಟೂ ಜಾಸ್ತಿ. ಎಕ್ಸ್‌ರೇಯಲ್ಲಿ ಸ್ವಲ್ಪ ಸವೆತ ಕಂಡಿತು. ಅಲ್ಲಿಗೆ ಮುಗಿಯಿತು, ಆಮೇಲೆ ಮುಲಾಮು, ನೀಕ್ಯಾಪ್, ನೋವಿನ ಮಾತ್ರೆ. ಮಾತ್ರೆಯಿಂದ ಹೊಟ್ಟೆ ಉರಿ ಬಂತೇ ಹೊರತು ಕಾಲು ಹಾಗೇ ಇತ್ತು.

ನಾನು ಕೆಟ್ಟಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ ಅನ್ನಿಸುತ್ತಿದೆ. ಯಾವ ಡಾಕ್ಟರ ಹತ್ತಿರ ಹೋದರೂ "ಮಂಡಿ ನೋವು" ಅಂತ ನಾನೇ ಹೆಸರಿಟ್ಟು ಹೇಳಿಬಿಡುತ್ತಿದ್ದೆ. ಬೇರೆ ಏನಾದರೂ ತೊಂದರೆ ಇದೆಯಾ ಅಂತ ಕೇಳಿದರೂ ಇಲ್ಲ ಅನ್ನುತ್ತಿದ್ದೆ. ಹೆಬ್ಬೆರಳು ಮರಗಟ್ಟಿದ್ದಕ್ಕೆ ಬಿಗಿ ಶೂ ಕಾರಣ ಅಂದುಕೊಂಡಿದ್ದೆ. ಮೀನಖಂಡ ಸೆಳೆಯುವುದು ಕುಂಟಿ ನಡೆಯುವುದರಿಂದ ಅಂದುಕೊಂಡಿದ್ದೆ. ಸೊಂಟ ನೋವಂತೂ ಕಾಲು ನೋವು ಶುರುವಾಗುವ ಹೊತ್ತಿಗೆ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು, ಹೋದ ನೋವಿನ ಸುದ್ದಿ ಯಾಕೆ ಅಂತ ಅದನ್ನು ಎತ್ತಲೇ ಇಲ್ಲ. ಆದರೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಜಾರಿ ನರ ಒತ್ತಿದಾಗ ಎಷ್ಟೋ ಜನರಿಗೆ ಸೊಂಟದ ನೋವು ಕಡಿಮೆಯಾಗಿ ನೋವೆಲ್ಲ ಕಾಲಿಗೆ ಇಳಿಯುತ್ತದೆ. ನಾನು ಬಿಡಿಬಿಡಿಯಾಗಿ ಎಣಿಸಿದ್ದು ನಾಲ್ಕು ಕಾಯಿಲೆಯಲ್ಲ, ಒಂದೇ ನರದ ದಾರಿ.

ಚಪ್ಪಲಿ ಕಾಲಿಂದ ತಾನಾಗಿ ಜಾರತೊಡಗಿದಾಗ ಭಯ ಆಯಿತು. ಹೊಸ್ತಿಲು ದಾಟುವಾಗ ಪಾದದ ತುದಿ ಎಡವುತ್ತಿತ್ತು. ಒಬ್ಬ ಫಿಸಿಯೋಥೆರಪಿಸ್ಟ್ ಮಂಡಿ ಮುಟ್ಟುವ ಮೊದಲೇ ಹಿಮ್ಮಡಿ ಮೇಲೆ ನಡೆಯಿರಿ ಅಂದರು. ಆ ಕಾಲಿನ ಪಾದದ ಮುಂಭಾಗ ಮೇಲೇಳಲೇ ಇಲ್ಲ. ಅಂಗಾತ ಮಲಗಿಸಿ ಕಾಲನ್ನು ನೇರವಾಗಿ ಎತ್ತಿದರು, ಅರ್ಧಕ್ಕೆ ಬರುವಷ್ಟರಲ್ಲಿ ಕುಂಡಿಯಿಂದ ಹೆಬ್ಬೆರಳವರೆಗೆ ಕರೆಂಟ್ ಹೊಡೆದ ಹಾಗಾಯಿತು. ಸೊಂಟದಿಂದ ಕಾಲಿಗೆ ಇಳಿಯುವ ಎಲ್5 ಅನ್ನುವ ನರದ ಬೇರು ಒತ್ತಿಹೋಗಿದೆ ಅಂತ ಸ್ಕ್ಯಾನ್ ಕೂಡ ಹೇಳಿತು. ಪಾದದ ಬಲ ಇನ್ನೂ ಇಳಿದರೆ ಆಪರೇಷನ್ ಅಂದಿದ್ದರು, ಅಷ್ಟು ದೂರ ಹೋಗಲಿಲ್ಲ. ನಡಿಗೆ ಬಿಡದೆ, ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾ ನೋವು ಹೋಯಿತು. ಹೆಬ್ಬೆರಳಿನ ಬಲ ಮಾತ್ರ ಪೂರ್ತಿ ವಾಪಸ್ ಬರಲಿಲ್ಲ. ಬೇಗ ಬಂದಿದ್ದರೆ ಬರುತ್ತಿತ್ತೇನೋ ಅಂದರು ಡಾಕ್ಟರು.

ಹಾಗಾಗಿ ಎಕ್ಸ್‌ರೇಯ ಸವೆತ ನೋಡಿ ತೀರ್ಮಾನ ಮಾಡಬೇಡಿ. ವಯಸ್ಸಾದಂತೆ ನೋವೇ ಇಲ್ಲದವರಲ್ಲೂ ಅದು ಕಾಣುತ್ತದೆ, ಡಿಸ್ಕ್ ಉಬ್ಬಿರುವುದೂ ಅಷ್ಟೇ. ಕೀಲಿನ ನೋವು ಮೆಟ್ಟಿಲು ಹತ್ತಿ ಇಳಿಯುವಾಗ, ಕೂತು ಏಳುವಾಗ ಕಾಡುತ್ತದೆ. ಸವೆತದ್ದಾದರೆ ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ನರದ ನೋವು ಉರಿಯುತ್ತದೆ, ಚುಚ್ಚುತ್ತದೆ, ಗೆರೆ ಎಳೆದಂತೆ ಕೆಳಗಿಳಿಯುತ್ತದೆ, ಕೆಮ್ಮಿದರೆ ಸೀನಿದರೆ ಜೋರಾಗುತ್ತದೆ. ಎರಡೂ ಪಾದ ಸಾಕ್ಸ್ ಹಾಕಿದಷ್ಟು ಭಾಗದಲ್ಲಿ ರಾತ್ರಿ ಉರಿಯುತ್ತಿದ್ದರೆ ಅದು ಬೇರೆ ಕಥೆ. ಸಕ್ಕರೆ ಮತ್ತು ಬಿ12 ಪರೀಕ್ಷೆ ಮಾಡಿಸಿ, ಅದರಲ್ಲೂ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ಬಿ12 ಕಡಿಮೆಯಾಗಿರಬಹುದು. ತೊಡೆಸಂದಿನ ಕೀಲು ಕೆಟ್ಟರೂ ನೋವು ಮಂಡಿಯಲ್ಲಿ ಬರುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ.

ನರ ಅಂತ ಗೊತ್ತಾದ ಮೇಲೆ ಹಾಸಿಗೆ ಹಿಡಿಯಬೇಡಿ. ಮಲಗಿದರೆ ಬೇಗ ವಾಸಿಯಾಗುವುದಿಲ್ಲ, ಸ್ನಾಯು ಸೊರಗುತ್ತದೆ ಅಷ್ಟೇ. ಸೊಂಟದ ನರ ಒತ್ತಿ ಕಾಲಿಗೆ ಇಳಿಯುವ ಈ ನೋವಿಗೆ ಸಯಾಟಿಕಾ ಅನ್ನುತ್ತಾರೆ, ಬಹಳಷ್ಟು ಸಯಾಟಿಕಾ ಆಪರೇಷನ್ ಇಲ್ಲದೆಯೇ ಕೆಲವು ವಾರ, ತಿಂಗಳಲ್ಲಿ ಇಳಿಯುತ್ತದೆ. ಪ್ರಿಗಾಬಲಿನ್ ಅನ್ನುವ ನರ ನೋವಿನ ಔಷಧಿ ಬರೆದುಕೊಟ್ಟಿದ್ದರೆ ಯಾಕೆ ಅಂತ ಕೇಳಿ. ಸಕ್ಕರೆ ಕಾಯಿಲೆಯ ನರ ನೋವಿಗೆ ಅದು ಕೆಲಸ ಮಾಡುತ್ತದೆ, ಆದರೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಯಾಟಿಕಾಗೆ ಅದು ಸುಮ್ನೆ ಕೊಟ್ಟ ಖಾಲಿ ಮಾತ್ರೆಗಿಂತ ಹೆಚ್ಚಿನ ಗುಣ ತೋರಿಸಲಿಲ್ಲ. ಹಾಗಂತ ನೀವೇ ಏಕಾಏಕಿ ನಿಲ್ಲಿಸಬೇಡಿ, ಅದನ್ನು ನಿಧಾನವಾಗಿ ಕಡಿಮೆ ಮಾಡಬೇಕು. ನಿಜವಾಗಿ ಮಂಡಿಯದ್ದೇ ಅಂತಾದರೆ ತೊಡೆಯ ಮುಂಭಾಗದ ಸ್ನಾಯು ಬಲಪಡಿಸುವುದೇ ಮೊದಲ ಚಿಕಿತ್ಸೆ, ಬೆಲ್ಟ್ ಆಮೇಲೆ.

ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ, ಮಲದ ಹಿಡಿತ ತಪ್ಪಿದರೆ, ಗುದದ್ವಾರ ಮತ್ತು ಒಳತೊಡೆಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಆ ಕ್ಷಣವೇ ತುರ್ತು ಚಿಕಿತ್ಸೆಗೆ ಹೋಗಿ.

ಅದ್ಯಾವುದೂ ಇಲ್ಲ ಅಲ್ವಾ? ಹಾಗಾದರೆ ಇವತ್ತೇ ಗೋಡೆ ಹಿಡಿದುಕೊಂಡು ಹಿಮ್ಮಡಿ ಮೇಲೆ ಸ್ವಲ್ಪ ನಡೆಯಿರಿ. ಎರಡೂ ಪಾದ ಒಂದೇ ಸಮ ಮೇಲೇಳದಿದ್ದರೆ ಬೆಲ್ಟ್ ಹುಡುಕುವುದನ್ನು ಬಿಟ್ಟು ತಡಮಾಡದೆ ನರರೋಗ ಅಥವಾ ಬೆನ್ನುಮೂಳೆ ಡಾಕ್ಟರನ್ನು ನೋಡಿ. ಅಲ್ಲಿ ಮಂಡಿ ನೋವು ಅನ್ನಬೇಡಿ, ನೋವು ಎಲ್ಲಿ ಶುರುವಾಗಿ ಯಾವ ಬೆರಳಿಗೆ ಮುಟ್ಟುತ್ತದೆ ಅಂತ ಕೈಯಿಂದ ಕಾಲಿನ ಮೇಲೇ ತೋರಿಸಿ.