ಭೋಗ್ಯದ ದುಡ್ಡಿನಲ್ಲಿ ಬಾಡಿಗೆ ಮನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಗಂಡನಿಗೆ 54 ವರ್ಷ, ಕಾರ್ಖಾನೆಯಲ್ಲಿ ನೌಕರಿ. ಹೆಂಡತಿ ಮನೆಯಲ್ಲೇ ಟೈಲರಿಂಗ್ ಮಾಡುತ್ತಾರೆ. ಇರಲು ಸ್ವಂತ ಮನೆಯಿದೆ. ಅದಲ್ಲದೆ ಬೆಂಗಳೂರಿನ ಹೊರವಲಯದಲ್ಲಿ ತಂದೆ ಬಿಟ್ಟುಹೋದ ಮೂವತ್ತು–ನಲವತ್ತರ ಸೈಟು, ಬಿ ಖಾತಾದ್ದು, ಅಂದರೆ ದಾಖಲೆ ಪೂರ್ತಿ ಸಕ್ರಮವಾಗದ್ದು. ಅಲ್ಲಿ ನಾಲ್ಕು ಪುಟ್ಟ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರೆ ನಿವೃತ್ತಿಯ ಚಿಂತೆ ತಪ್ಪುತ್ತದೆ ಎಂಬುದು ಗಂಡನ ಆಸೆ. ಈ ವಿಷಯಕ್ಕೆ ಮನೆಯಲ್ಲಿ ದಿನವೂ ಜಗಳವಾಗುತ್ತಿದ್ದುದರಿಂದ ಇಬ್ಬರೂ ಹಣಕಾಸಿನ ಸಲಹೆಗೆ ನನ್ನಲ್ಲಿಗೆ ಬಂದಿದ್ದರು.

ಲೆಕ್ಕ ಹಾಕಿಕೊಟ್ಟವನು ಕಂಟ್ರಾಕ್ಟರು, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ. ಒಟ್ಟು ಖರ್ಚು 44 ಲಕ್ಷ. ಕೈಯಲ್ಲಿರುವುದು 12 ಲಕ್ಷ. ಬಿ ಖಾತಾ ಎಂದು ಬ್ಯಾಂಕುಗಳು ಹಿಂಜರಿದಿದ್ದರಿಂದ ಖಾಸಗಿ ಫೈನಾನ್ಸಿನಲ್ಲಿ ಶೇ 13ರ ಬಡ್ಡಿಗೆ, 15 ವರ್ಷಕ್ಕೆ 16 ಲಕ್ಷ. ಉಳಿದ 16 ಲಕ್ಷಕ್ಕೆ ಎರಡು ಮನೆಗಳನ್ನು ತಲಾ 8 ಲಕ್ಷದಂತೆ ಮೂರು ವರ್ಷದ ಭೋಗ್ಯಕ್ಕೆ ಕೊಡುವುದು; ಅಂದರೆ ತಿಂಗಳ ಬಾಡಿಗೆಯಿಲ್ಲ, ಮೊದಲೇ ಪಡೆದ ದುಡ್ಡನ್ನು ಅವಧಿ ಮುಗಿದಾಗ ಪೂರ್ತಿ ವಾಪಸು ಕೊಡಬೇಕು. ಇನ್ನೆರಡು ಮನೆಗಳ ಬಾಡಿಗೆ 20,000, ಸಾಲದ ಕಂತು ಸುಮಾರು 20,240. 'ಬಾಡಿಗೆಯೇ ಕಂತು ಕಟ್ಟುತ್ತದೆ ಸಾರ್' ಎಂದು ಕೆಳಗೆ ಎರಡು ಗೆರೆ ಎಳೆದಿದ್ದ. ಸಂಪು, ಮೋಟಾರು, ಬಣ್ಣ ಯಾವುದೂ ಆ ಹಾಳೆಯಲ್ಲಿ ಇರಲಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಹೆಂಡತಿ ಒಂದೇ ಪ್ರಶ್ನೆ ಕೇಳಿದರು: 'ಭೋಗ್ಯದ ದುಡ್ಡನ್ನು ವಾಪಸು ಕೊಡುವುದು ಎಲ್ಲಿಂದ?'

'ಹೊಸಬರು ಬರುತ್ತಾರಲ್ಲ, ಅವರ ದುಡ್ಡು ಇವರಿಗೆ' ಎಂದರು ಗಂಡ.

ಊರಿನಲ್ಲಿ ಬಹಳ ಮಂದಿ ನಡೆಸುವುದು ಹೀಗೆಯೇ. ಹಳಬರು ಬಿಡುವ ತಿಂಗಳಿಗೆ ಹೊಸಬರು ಸಿಗದಿದ್ದರೆ ಮಾತ್ರ ಪಂಚಾಯಿತಿ, ಪೊಲೀಸು ಠಾಣೆ. ಭೋಗ್ಯಕ್ಕೆ ಬಡ್ಡಿಯಿಲ್ಲ ಎಂದು ಗಂಡ ನಂಬಿದ್ದರು. ತಿಂಗಳಿಗೆ 10,000 ಬಾಡಿಗೆ ತರಬಹುದಾದ ಮನೆಯನ್ನು 8 ಲಕ್ಷಕ್ಕೆ ಬಿಟ್ಟುಕೊಟ್ಟರೆ ವರ್ಷಕ್ಕೆ 1.2 ಲಕ್ಷ ಕೈಬಿಟ್ಟ ಹಾಗೆ. ಅಂದರೆ ಶೇ 15. ಫೈನಾನ್ಸಿನವರಿಗಿಂತ ದುಬಾರಿ, ಮೇಲಾಗಿ ಅಸಲು ಒಂದು ರೂಪಾಯಿಯೂ ಕರಗುವುದಿಲ್ಲ.

ಮೂರು ವರ್ಷದ ನಂತರದ ಚಿತ್ರವನ್ನು ಬರೆದು ತೋರಿಸಿದೆ. ಅಷ್ಟರಲ್ಲಿ ಸುಮಾರು 7.3 ಲಕ್ಷ ಕಂತು ಕಟ್ಟಿದ್ದರೂ ಫೈನಾನ್ಸಿನ ಬಾಕಿ 14.7 ಲಕ್ಷ, ಅದರ ಜೊತೆಗೆ ಭೋಗ್ಯದ 16 ಲಕ್ಷ. ಅವರಿಗಾಗ 57 ವರ್ಷ. ಗಂಡ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಎರಡು ಸಲ ಕೂಡಿಸಿ ನೋಡಿದರು.

ಆದಾಯದ ಕಡೆಯೂ ಅಷ್ಟಕ್ಕಷ್ಟೆ. ನಾಲ್ಕೂ ಮನೆ ಬಾಡಿಗೆಗೇ ಹೋದರೂ ವರ್ಷಕ್ಕೆ 4.8 ಲಕ್ಷ. ಮನೆಗೊಂದು ತಿಂಗಳು ಖಾಲಿ ಎಂದು 40,000, ಆಸ್ತಿ ತೆರಿಗೆ ಮತ್ತು ರಿಪೇರಿಗೆ 50,000 ಕಳೆದರೆ ಉಳಿಯುವುದು 3.9 ಲಕ್ಷ. ಕಟ್ಟಡದ ಖರ್ಚಿನ ಮೇಲೆ ಶೇ 9ಕ್ಕೂ ತುಸು ಕಡಿಮೆ. ಶೇ 13ಕ್ಕೆ ತಂದು ಶೇ 9 ದುಡಿಯುವ ವ್ಯಾಪಾರ ಇದು. 'ಸೈಟು ಪುಕ್ಕಟೆ' ಎನ್ನುವ ಮಾತನ್ನೂ ನಾನು ಒಪ್ಪಲಿಲ್ಲ. ಮಾರಿದರೆ 50 ಲಕ್ಷ ಬರುವ ಸೈಟನ್ನು ಲೆಕ್ಕಕ್ಕೆ ಹಿಡಿದರೆ ಆದಾಯ ಶೇ 4ರ ಆಸುಪಾಸಿಗೆ ಇಳಿಯುತ್ತದೆ. ಸಾಲದಿಂದ ತೆರಿಗೆ ಉಳಿಯುತ್ತದೆ ಎಂದು ಯಾರೋ ಹೇಳಿದ್ದರಂತೆ. ಇವರು ಇರುವುದು ಹೊಸ ತೆರಿಗೆ ಪದ್ಧತಿಯಲ್ಲಿ. ಅಲ್ಲಿ ಸಾಲದ ಬಡ್ಡಿ ಬಾಡಿಗೆಯನ್ನು ಮೀರಿದಾಗ ಆಗುವ ಬಾಡಿಗೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯಲು ಬರುವುದಿಲ್ಲ.

ನಾನು ಕೊಟ್ಟ ಸಲಹೆ: ಮೊದಲು ಖಾತಾ ಸರಿಪಡಿಸಿಕೊಳ್ಳುವ ದಾರಿಯನ್ನು ವಕೀಲರಲ್ಲಿ ವಿಚಾರಿಸಿ; ಮೂಲಪತ್ರ, ಋಣಭಾರ ಪತ್ರ, ನಕ್ಷೆ ಮಂಜೂರಾತಿ ಇಲ್ಲದೆ ಪಾಯ ತೋಡಬೇಡಿ. ಆಮೇಲೆ ನೆಲಮಹಡಿಯ ಎರಡು ಮನೆ ಮಾತ್ರ, ಸುಮಾರು 22 ಲಕ್ಷದಲ್ಲಿ. ಸಾಲ 10 ಲಕ್ಷ, ಹತ್ತು ವರ್ಷಕ್ಕೆ. ಬ್ಯಾಂಕಿನಲ್ಲಿ ಶೇ 9ಕ್ಕೆ ಸಿಕ್ಕರೆ ಕಂತು ಸುಮಾರು 12,670, ಬಾಡಿಗೆ 20,000. ಒಂದು ಮನೆ ಖಾಲಿ ಬಿದ್ದರೂ ಸಂಬಳದಿಂದ ತುಂಬಿಕೊಡಬಹುದಾದ ಅಂತರ. ಭೋಗ್ಯ ಬೇಡ. ಕೊಡಲೇಬೇಕಾಗಿ ಬಂದರೆ ಕರಾರನ್ನು ನೋಂದಣಿ ಮಾಡಿಸಿ, ಮನೆಯ ಮೇಲೆ ಸಾಲವಿರುವುದನ್ನು ಬರುವವರಿಗೆ ಮೊದಲೇ ಹೇಳಿ. ಅವರ ಪಾಲಿಗೂ ಅದು ಜೀವಮಾನದ ಉಳಿತಾಯ.

ಗಂಡನಿಗೆ ಇದು ಪೂರ್ತಿ ರುಚಿಸಲಿಲ್ಲ. ತಮ್ಮನ ಕಟ್ಟಡ ಮೂರು ಅಂತಸ್ತಿನದು ಎಂಬುದು ಹೊರಡುವಾಗ ಬಾಯಿಗೆ ಬಂತು. ಜಗಳದ ಬೇರು ಅಲ್ಲಿತ್ತು. ಖಾತಾ ಕೆಲಸ ಈಗ ನಡೆಯುತ್ತಿದೆ. ಪಾಯ ಮತ್ತು ಪಿಲ್ಲರುಗಳನ್ನು ಮೂರು ಅಂತಸ್ತಿಗೆ ತಾಳುವಂತೆ ಹಾಕಿಸುವುದಾಗಿ ಅವರು ಹೇಳಿದ್ದಾರೆ, ಹೆಂಡತಿ ಒಪ್ಪಿದ್ದಾರೆ. ಅದರ ಹೆಚ್ಚುವರಿ ಖರ್ಚನ್ನು ಕಂಟ್ರಾಕ್ಟರಿನಿಂದ ಬೇರೆಯಾಗಿ ಬರೆಸಿಕೊಳ್ಳಲು ತಿಳಿಸಿದ್ದೇನೆ.