ಶಾಲೆಗೆ ಥೆರಪಿ ನಾಯಿ ತಂದರೆ ಮಕ್ಕಳಿಗೆ ನಿಜವಾಗಿ ಉಪಯೋಗ ಆಗುತ್ತಾ?

ಆಗುತ್ತದೆ, ಆದರೆ ಥೆರಪಿ ನಾಯಿ, ಅಂದರೆ ಜನರ ಮನಸ್ಸಿಗೆ ಸಮಾಧಾನ ಕೊಡಲು ತರಬೇತಿ ಪಡೆದ ನಾಯಿ, ಕೌನ್ಸೆಲರ್ ಬದಲಿಗೆ ಅಲ್ಲ. 2019ರಲ್ಲಿ ಪ್ರಕಟವಾದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಅಧ್ಯಯನದಲ್ಲಿ, ಬರೀ 10 ನಿಮಿಷ ನಾಯಿ ಬೆಕ್ಕುಗಳನ್ನು ಮುದ್ದು ಮಾಡಿದ ಕಾಲೇಜು ವಿದ್ಯಾರ್ಥಿಗಳಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನ್, ಕಡಿಮೆಯಾಗಿತ್ತು. ಶಾಲೆಯಲ್ಲಿ ನನಗೆ ಜಾಸ್ತಿ ಹಿಡಿಸುವುದು ಓದಿಸುವ ಉಪಾಯ: ತಡವರಿಸುತ್ತಾ ಓದುವ ಮಗು ನಾಯಿಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತದೆ, ತಪ್ಪಾದರೆ ನಾಯಿ ನಗುವುದಿಲ್ಲ, ತಿದ್ದುವುದೂ ಇಲ್ಲ ಅಲ್ವಾ! ಹಾಗಂತ ಸುಮ್ನೆ ಮನೆ ನಾಯಿಯನ್ನು ಕರೆತರಬೇಡಿ. ತರಬೇತಿ, ಲಸಿಕೆ, ಜೊತೆಗೊಬ್ಬ ಹ್ಯಾಂಡ್ಲರ್ (ನಾಯಿಯನ್ನು ನೋಡಿಕೊಂಡು ನಿಭಾಯಿಸುವವರು) ಬೇಕೇ ಬೇಕು. ಅಲರ್ಜಿ ಇರುವವರು, ಹೆದರುವವರು ದೂರ ಇರಲು ಜಾಗವೂ ಇರಲಿ. ನಾಯಿ ಪದೇ ಪದೇ ಆಕಳಿಸುತ್ತಿದ್ದರೆ, ತುಟಿ ನೆಕ್ಕಿಕೊಂಡು ಮುಖ ತಿರುಗಿಸುತ್ತಿದ್ದರೆ ಅದಕ್ಕೆ ಸಾಕಾಗಿರಬಹುದು, ತಕ್ಷಣ ಹೊರಗೆ ಕರೆದುಕೊಂಡು ಹೋಗಿ.