ನೀವು ಕೇಳಿದಿರಿ: ಗೆಲ್ಲಲು ಹೇಳುವ ಸುಳ್ಳು

ಪ್ರಶ್ನೆ: ಅಮೆರಿಕದ ಟಿವಿ ರಿಯಾಲಿಟಿ ಷೋ ‘ಸರ್ವೈವರ್’ನಲ್ಲಿ ಹತ್ತು ಲಕ್ಷ ಡಾಲರ್ ಗೆದ್ದವರು ಹೆಚ್ಚಾಗಿ ಸುಳ್ಳು ಹೇಳಿಯೇ ಗೆದ್ದ ಹಾಗಿದೆ. ಇದು ಮೋಸವಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಮತ ಯಾರಿಗೆ ಎಂಬ ಸುಳ್ಳನ್ನು ಮೋಸ ಎನ್ನಲಾಗದು. ಗುಟ್ಟಾಗಿ ಹೆಸರು ಬರೆದು ಒಬ್ಬೊಬ್ಬರನ್ನೇ ಮನೆಗೆ ಕಳಿಸುವುದೇ ಅಲ್ಲಿನ ಆಟ. ‘ಇವತ್ತು ನಿನ್ನ ಹೆಸರಿಲ್ಲ, ನೆಮ್ಮದಿಯಾಗಿರು’ ಎಂದು ನಂಬಿಸುವವರು ಇರುತ್ತಾರೆಂದು ಗೊತ್ತಿದ್ದೇ ಎಲ್ಲರೂ ಬಂದಿರುತ್ತಾರೆ. ಇಸ್ಪೀಟಿನಲ್ಲಿ ಕೈಯಲ್ಲೇನೂ ಇಲ್ಲದೆ ಪಂದ್ಯ ಏರಿಸಿದವನ ಮೇಲೆ ಯಾರೂ ದೂರು ಕೊಡುವುದಿಲ್ಲವಲ್ಲ!

ಆಟದಾಚೆಯ ಬದುಕನ್ನು ಎಳೆದು ತಂದಾಗ ಮಾತು ಬೇರೆ. 2003ರ ‘ಪರ್ಲ್ ಐಲೆಂಡ್ಸ್’ ಸರಣಿಯಲ್ಲಿ ‘ಜಾನಿ ಫೇರ್‌ಪ್ಲೇ’ ಎಂಬ ಅಡ್ಡಹೆಸರಿನ ಜಾನ್ ಡಾಲ್ಟನ್‌ನನ್ನು ನೋಡಲು ಗೆಳೆಯ ಬಂದ. ಜಾನಿ ತನ್ನ ಅಜ್ಜಿಯನ್ನು ವಿಚಾರಿಸಿದರೆ, ತೀರಿಕೊಂಡಳೆಂದು ಗೆಳೆಯ ಹೇಳಿದ. ಜೊತೆಯವರು ಕರಗಿಹೋದರು, ಗೆಳೆಯನೊಂದಿಗೆ ಕಳೆಯುವ ಬಹುಮಾನ ಜಾನಿಗೇ ಸಿಕ್ಕಿತು. ಅಜ್ಜಿ ಊರಲ್ಲಿ ಬದುಕಿಯೇ ಇದ್ದಳು, ಗೆಳೆಯರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ನಿಯಮವೇನೋ ಮುರಿಯಲಿಲ್ಲ. ಆದರೆ ಸಾವಿನ ಸುದ್ದಿಗೆ ಮರುಗುವವರು ಲೆಕ್ಕ ಹಾಕಿ ಮರುಗುವುದಿಲ್ಲ. ಆ ಮರುಕವನ್ನು ದೋಚಿದ್ದು ನಮ್ಮ ಪ್ರಕಾರ ತಪ್ಪೇ. ಅಷ್ಟು ಮಾಡಿಯೂ ಅವನು ಮೂರನೆಯ ಸ್ಥಾನಕ್ಕೇ ನಿಂತ.

ಪ್ರಶ್ನೆ: ಹಾಗಾದರೆ ಒಬ್ಬ ಸುಳ್ಳುಗಾರ ಗೆದ್ದು ಇನ್ನೊಬ್ಬ ಸೋಲುವುದೇಕೆ?
– ಓದುಗರು, ಧಾರವಾಡ

ಉತ್ತರ: ಕೊನೆಯವರೆಗೆ ಉಳಿದವರಲ್ಲಿ ಯಾರು ಗೆಲ್ಲಬೇಕೆಂದು ಮತ ಹಾಕಿ ತೀರ್ಪು ಕೊಡುವವರು ಮೊದಲೇ ಸೋತು ಹೊರಬಿದ್ದವರೇ, ಅದಕ್ಕೆ. 2009ರ ಸಮೋವಾ ಸರಣಿಯಲ್ಲಿ ರಸೆಲ್ ಹ್ಯಾಂಟ್ಜ್ ತನ್ನ ತಂಡದವರ ನೀರನ್ನೇ ಗುಟ್ಟಾಗಿ ಚೆಲ್ಲಿದ, ಕಾಲುಚೀಲ ಸುಟ್ಟ. ಹೊರಬೀಳದಂತೆ ಕಾಪಾಡುವ, ಬಚ್ಚಿಟ್ಟ ‘ರಕ್ಷಾಮೂರ್ತಿ’ಯನ್ನು ಸುಳಿವೇ ಇಲ್ಲದೆ ಹುಡುಕಿದ ಚಾಣಾಕ್ಷನೂ ಹೌದು. ಕೊನೆಗೆ ಜೊತೆಗೆ ಉಳಿದಿದ್ದ ನಟಾಲಿ ವೈಟ್‌ಗೆ 7 ಮತ, ಅವನಿಗೆ 2. ಚೆನ್ನಾಗಿ ಆಡಿದ್ದೇನೆಂಬ ಜಂಬವನ್ನು ಏಟು ತಿಂದವರ ಮುಂದೆಯೇ ಕೊಚ್ಚಿಕೊಂಡರೆ ಮತ ಬೀಳುತ್ತದೆಯೇ?

2007ರ ಚೀನಾ ಸರಣಿಯ ಟಾಡ್ ಹರ್ಜಾಗ್ ಕಡಿಮೆ ಸುಳ್ಳು ಹೇಳಿದವನಲ್ಲ. ಆದರೆ ಕೊನೆಯ ಸಭೆಯಲ್ಲಿ ಒಪ್ಪಿಕೊಂಡ, ಕಾರಣ ಹೇಳಿದ, 4-2-1 ಮತಗಳಲ್ಲಿ ಗೆದ್ದ. ಹಾಗಾಗಿ ಅಲ್ಲಿ ಆಡುವವರು ಯಾರಿಗೆ ಯಾವ ಮಾತು ತಪ್ಪಿದ್ದೇವೆಂದು ನೆನಪಿಟ್ಟುಕೊಂಡು, ಅವರು ಕೇಳುವ ಮೊದಲೇ ಹೇಳಿಬಿಡಬೇಕು. ‘ಇದು ಬರೀ ಆಟ’ ಎಂಬ ಮಾತಂತೂ ಬೇಡ. ಹೊರಬಿದ್ದವರಿಗೆ ಅದು ಗಾಯಕ್ಕೆ ಉಪ್ಪು.

ಪ್ರಶ್ನೆ: ಬಿಗ್ ಬಾಸ್ ಕನ್ನಡದಲ್ಲಿ ಈ ಪಟ್ಟು ನಡೆಯುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಕಷ್ಟ. ಇಲ್ಲಿ ಮತ ಹಾಕುವವರು ವೀಕ್ಷಕರು. ನೀವು ಅಡುಗೆಮನೆಯಲ್ಲಿ ಒಂದು, ಗಾರ್ಡನ್‌ನಲ್ಲಿ ಇನ್ನೊಂದು ಹೇಳಿದ್ದನ್ನು ಅವರು ಒಂದೇ ಸಂಚಿಕೆಯಲ್ಲಿ ನೋಡಬಹುದು. ಮರೆತವರಿಗೆ ಕಿಚ್ಚನ ಪಂಚಾಯಿತಿ ನೆನಪಿಸುತ್ತದೆ. ಇನ್ನು ನಿಯಮ ಮುರಿದರಂತೂ ಮತದವರೆಗೂ ಹೋಗಬೇಕಿಲ್ಲ: 2000ದಲ್ಲಿ ಬ್ರಿಟನ್ನಿನ ‘ಬಿಗ್ ಬ್ರದರ್’ ಮನೆಯಿಂದ ನಿಕ್ ಬೇಟ್‌ಮನ್‌ನನ್ನು ಹೊರಹಾಕಿದ್ದು ಚೀಟಿಯಲ್ಲಿ ಹೆಸರು ಬರೆದು ತೋರಿಸಿ ನಾಮಿನೇಷನ್ ತಿರುಗಿಸಲು ನೋಡಿದ್ದಕ್ಕೆ.